ಮಣ್ಣಿಗೆ ಹೋಗಲಾಗದವನ ಪಾತ್ರ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ನಟರು ಕಲಬುರಗಿಯವರು, ನಲವತ್ತು ದಾಟಿದವರು. ಹರೆಯದಲ್ಲಿ ಜಾತ್ರೆಯಿಂದ ಜಾತ್ರೆಗೆ ಬೀಡು ಬಿಡುವ ವೃತ್ತಿ ನಾಟಕ ಕಂಪನಿಯಲ್ಲಿದ್ದರು. ಆಮೇಲೆ ಊರಿಗೆ ಮರಳಿ ಹವ್ಯಾಸಿ ತಂಡಗಳಲ್ಲಿ ಪಾತ್ರ ಮಾಡುತ್ತ ಬಂದರು. ಡಾ. ಎಸ್.ಎಂ. ಪಂಡಿತ್ ರಂಗಮಂದಿರದ ಕೊನೆಯ ಸಾಲಿಗೆ ಮೈಕಿನ ಹಂಗಿಲ್ಲದೆ ಮುಟ್ಟುವ ಕಂಠ ಅವರದು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಧಾರಾವಾಹಿಯ ಹೆಸರು, ವಾಹಿನಿ, ನಿರ್ದೇಶಕರು ಯಾರೆಂಬುದು ಇಲ್ಲಿ ಬರುವುದಿಲ್ಲ. ಗುರುತು ಹತ್ತದಂತೆ ಕಥೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ನಾನು ಈ ಭಾಗದಲ್ಲಿ ನಟರಿಗೆ ತರಬೇತಿ ಕೊಡುವವನು. ಪಾತ್ರ ಕೈಗೆ ಬಂದ ಮೇಲೆ ಅವರು ಸಲಹೆಗೆಂದು ನನ್ನ ಬಳಿಗೆ ಬಂದರು.

ಈ ಅವಕಾಶ ನಮ್ಮ ಕಡೆಯವರಿಗೆ ಎಷ್ಟು ದೊಡ್ಡದೆಂಬುದನ್ನು ಹೇಳಲೇಬೇಕು. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತಲುಪಿಸುವ ಪ್ರಯೋಗ ನಡೆದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿಗೆ ದೂರದರ್ಶನ ಬರುವ ಮೊದಲೇ ನಮ್ಮ ಹಳ್ಳಿಯ ಜನ ಒಟ್ಟಿಗೆ ಕುಳಿತು ಟಿ.ವಿ. ನೋಡಿದ್ದರು. ಹೀಗಿದ್ದೂ ಇಂದಿನ ಕಿರುತೆರೆಯಲ್ಲಿ ಈ ಊರಿನ ಮುಖ ಕಾಣುವುದು ಅಪರೂಪ. ಕಂಡರೂ ಖಳನ ಬಲಗೈ ಬಂಟನಾಗಿಯೋ ನಗಿಸುವ ಆಳಾಗಿಯೋ ಕಾಣುತ್ತದೆ. ಕಥೆಯ ಭಾರ ಹೊರುವ ಪಾತ್ರ ಈ ಸಲ ಸಿಕ್ಕಿತ್ತು, ಅದನ್ನು ಹಾಳು ಮಾಡಿಕೊಳ್ಳಬಾರದೆಂಬ ತವಕ ಅವರಿಗೂ ಇತ್ತು, ನನಗೂ ಇತ್ತು.

ಪಾತ್ರ ಹೀಗಿದೆ. ಕೇಂದ್ರ ಗುಪ್ತಚರ ದಳದ ಒಬ್ಬ ಅಧಿಕಾರಿ ಬೇರೊಂದು ಹೆಸರಿನಲ್ಲಿ ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ನೆಹರೂ ಗಂಜ್‌ನ ಅಡತಿ (ದಲ್ಲಾಳಿ) ಅಂಗಡಿಯೊಂದರಲ್ಲಿ ಗುಮಾಸ್ತನಾಗಿ ಸೇರಿರುತ್ತಾನೆ. ತೊಗರಿಯ ಸುಗ್ಗಿ. ಖೋಟಾ ನೋಟಿನ ಜಾಲವೊಂದು ಗಂಜ್‌ನ ವಹಿವಾಟಿನೊಳಗೆ ನುಸುಳಿದೆ. ಯಾರಿಂದ ಯಾರ ಕೈಗೆ ಹಣ ದಾಟುತ್ತದೆ ಎಂದು ಕಣ್ಣಿಡುವುದು ಅವನ ಕೆಲಸ. ಇನ್ನೆರಡು ದಿನಗಳಲ್ಲಿ ದೊಡ್ಡ ಮೊತ್ತ ಕೈ ಬದಲಾಗಲಿದೆ ಎನ್ನುವಾಗ, ಹುಬ್ಬಳ್ಳಿಯಲ್ಲಿರುವ ಹೆಂಡತಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಸುದ್ದಿ ಫೋನಿನಲ್ಲಿ ಬರುತ್ತದೆ. ಅವನು ಅಂಗಡಿಯ ಎದುರು ನಿಂತು ಚೀಲಗಳ ತೂಕ ಬರೆದುಕೊಳ್ಳುತ್ತಿದ್ದಾನೆ, ಸುತ್ತ ಹತ್ತಾರು ಜನರಿದ್ದಾರೆ. ಮುಖ ಕದಲಿದರೆ ಗುಟ್ಟು ಬಯಲು. ಹೊರಟು ಹೋದರೆ ತಿಂಗಳುಗಟ್ಟಲೆಯ ಕೆಲಸ ನೀರುಪಾಲು. ಅವನು ಉಳಿಯುತ್ತಾನೆ. ಹೆಂಡತಿಯ ಮಣ್ಣಿಗೆ ಹೋಗುವುದಿಲ್ಲ.

ತೊಡಕು

ಚಿತ್ರಕಥೆಯ ಮೊದಲ ಪ್ರತಿಯಲ್ಲಿ ಈ ದುಃಖಕ್ಕೆ ದಾರಿ ಸುಲಭವಾಗಿತ್ತು. ಮಾರನೆಯ ದಿನ ಅವನು ಜಾಲದ ಒಬ್ಬನನ್ನು ಗೋದಾಮಿಗೆ ಎಳೆದೊಯ್ದು ಬಡಿಯುತ್ತಾನೆ, ಆಮೇಲೆ ಪಿಸ್ತೂಲು ಹೊರಬರುತ್ತದೆ. ನಾವಿಬ್ಬರೂ ಮೊದಲು ತಕರಾರು ತೆಗೆದದ್ದು ಇದಕ್ಕೆ. ಗುಪ್ತಚರ ದಳಕ್ಕೆ ಯಾರನ್ನೂ ಬಂಧಿಸುವ ಅಧಿಕಾರವಿಲ್ಲ. ಅದು ಮಾಹಿತಿ ಕಲೆಹಾಕುತ್ತದೆ, ಮುಂದಿನ ಕ್ರಮ ಪೊಲೀಸರದು. ಅಂಥ ಮನುಷ್ಯ ನೋಡಬೇಕು, ನೆನಪಿಡಬೇಕು, ವರದಿ ಕಳಿಸಬೇಕು, ಸುಮ್ಮನಿರಬೇಕು. ಬಂದೂಕು ಕೊಟ್ಟರೆ ಪಾತ್ರದ ದುಃಖ ಸಿಟ್ಟಾಗಿ ಸೋರಿಹೋಗುತ್ತದೆ, ಉಳಿಯುವುದು ನೂರು ಕಡೆ ನೋಡಿದ ಸೇಡಿನ ಕಥೆ. ನಿರ್ದೇಶಕರು ಯೋಚಿಸಿ ಒಪ್ಪಿದರು, ಗೋದಾಮಿನ ದೃಶ್ಯ ಹೋಯಿತು. ಈ ಪ್ರಕರಣದ ಮೊದಲ ತಿರುವು ಇದೇ. ಆ ದೃಶ್ಯ ಹೋದ ಮೇಲೆ ದುಃಖವನ್ನು ಇಡಲು ಚಿತ್ರಕಥೆಯಲ್ಲಿ ಬೇರೆ ಜಾಗವೇ ಉಳಿಯಲಿಲ್ಲ. ಎಲ್ಲ ಭಾರ ನಟರ ಮೈಮೇಲೆ ಬಿತ್ತು.

ಅವರ ಮೈ ಕಲಿತದ್ದೋ ಬೇರೆಯೇ ಪಾಠ. ಕಂಪನಿ ನಾಟಕದಲ್ಲಿ ಸಾವಿನ ಸುದ್ದಿ ಬಂದರೆ ನಟ ಎರಡು ಹೆಜ್ಜೆ ಹಿಂದೆ ಸರಿಯಬೇಕು, ಎದೆಗೆ ಕೈ ಹೋಗಬೇಕು, ಹಾರ್ಮೋನಿಯಂ ಏಳುವಷ್ಟು ಹೊತ್ತು ನಿಲ್ಲಬೇಕು, ಆಮೇಲೆ ಮಾತು. ಇದನ್ನು ಹಗುರವಾಗಿ ಕಾಣುವವರೊಡನೆ ನನಗೆ ಸಹಮತವಿಲ್ಲ. ಸಾವಿರ ಜನ ಕುಳಿತ ತಗಡಿನ ಚಪ್ಪರದಲ್ಲಿ ಕಟ್ಟಕಡೆಯವನಿಗೂ ದುಃಖ ಮುಟ್ಟಿಸಲು ತಲೆಮಾರುಗಳು ಕಂಡುಕೊಂಡ ವಿದ್ಯೆ ಅದು. ಆದರೆ ಕ್ಯಾಮೆರಾ ಎರಡು ಮೊಳ ದೂರದಲ್ಲಿರುತ್ತದೆ. ಮೊದಲ ತಾಲೀಮನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ನೋಡಿದಾಗ, ಸುದ್ದಿ ಕೇಳಿದವನ ಮುಖ ಇಡೀ ಗಂಜ್‌ಗೆ ಡಂಗುರ ಸಾರುತ್ತಿತ್ತು. ನಟರೇ ಮೊಬೈಲನ್ನು ಕೆಳಗಿಟ್ಟು, "ಗುರುಗಳೇ, ಇವನನ್ನು ಮೊದಲ ದಿನವೇ ಹಿಡಿದುಹಾಕುತ್ತಾರೆ" ಎಂದರು.

ಅದರ ಮರುದಿನದಿಂದ ಅವರು ಮುಖವನ್ನು ಪೂರ್ತಿ ಬಿಗಿಹಿಡಿದರು. ಅದೂ ಕೆಲಸ ಮಾಡಲಿಲ್ಲ. ಏನನ್ನೂ ತೋರಿಸದ ಮುಖಕ್ಕೂ ಏನೂ ಆಗದ ಮುಖಕ್ಕೂ ತೆರೆಯ ಮೇಲೆ ವ್ಯತ್ಯಾಸವಿರಲಿಲ್ಲ. ನೋಡುಗನಿಗೆ ದುಃಖ ಕಾಣಬೇಕು, ಪಕ್ಕದಲ್ಲಿ ನಿಂತ ಹಮಾಲನಿಗೆ ಕಾಣಬಾರದು. ಇಬ್ಬರೂ ನೋಡುತ್ತಿರುವುದು ಅದೇ ಮುಖವನ್ನು.

ಮಾಡಿ ನೋಡಿದ್ದು

ನಟರು ತಾವೇ ಆರಿಸಿಕೊಂಡ ಮೊದಲ ದಾರಿ ಸ್ವಂತ ನೆನಪಿನದು. ಕೆಲವು ವರ್ಷಗಳ ಹಿಂದೆ ಅವರ ತಾಯಿ ತೀರಿಕೊಂಡಿದ್ದರು. ಆ ದಿನವನ್ನು ಮನಸ್ಸಿಗೆ ತಂದುಕೊಂಡು ದೃಶ್ಯಕ್ಕೆ ಇಳಿಯತೊಡಗಿದರು. ಮೊದಲ ಸಲ ನೋಡಿದಾಗ ನನ್ನ ಗಂಟಲು ಕಟ್ಟಿತು. ಆದರೆ ಮರುಮರು ಮಾಡಿದಂತೆ ನೆನಪು ಸವೆಯಿತು. ಸವೆದದ್ದನ್ನು ಮತ್ತೆ ಹರಿತಗೊಳಿಸಲು ಅವರು ಇನ್ನೂ ನೋವಿನ ವಿವರಗಳನ್ನು ಕೆದಕತೊಡಗಿದರು: ಆಸ್ಪತ್ರೆಯ ವಾಸನೆ, ತಾಯಿಯ ಕಾಲುಂಗುರ ತೆಗೆದ ಗಳಿಗೆ. ಒಂದು ರಾತ್ರಿ ಅವರ ಮನೆಯವರು ನನಗೆ ಫೋನ್ ಮಾಡಿ, "ಅಣ್ಣಾವರೇ, ಇವರು ಸರಿಯಾಗಿ ಊಟ ಮಾಡುತ್ತಿಲ್ಲ, ನಡುರಾತ್ರಿ ಎದ್ದು ಕೂರುತ್ತಾರೆ. ಇದೆಂಥ ಪಾತ್ರ?" ಎಂದು ಕೇಳಿದರು. ಅಂದೇ ಆ ದಾರಿಯನ್ನು ಮುಚ್ಚಿದೆವು.

ಭಾವಸ್ಮೃತಿಯ ಈ ಅಭ್ಯಾಸವನ್ನು ಹೆಸರಾಗಿಸಿದ ರಷ್ಯಾದ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯೇ ಕೊನೆಯ ವರ್ಷಗಳಲ್ಲಿ ಅದನ್ನು ಹಿಂದಿಟ್ಟು, ದೈಹಿಕ ಕ್ರಿಯೆಗಳ ಮೂಲಕ ಭಾವಕ್ಕೆ ತಲುಪುವ ದಾರಿಯನ್ನು ಮುಂದಿಟ್ಟ. 1934ರಲ್ಲಿ ಪ್ಯಾರಿಸ್‌ನಲ್ಲಿ ಅವನನ್ನು ಕಂಡು ಬಂದ ಅಮೆರಿಕದ ನಟಿ ಸ್ಟೆಲ್ಲಾ ಆ್ಯಡ್ಲರ್, ಸ್ವಂತ ಗಾಯವನ್ನು ಕೆದಕುವುದಕ್ಕಿಂತ ಪಾತ್ರದ ಸನ್ನಿವೇಶವನ್ನೂ ಕಲ್ಪನೆಯನ್ನೂ ನೆಚ್ಚಿಕೊಳ್ಳಿ ಎಂದು ತನ್ನ ಸಂಗಡಿಗರೊಡನೆ ಜಗಳವನ್ನೇ ತೆಗೆದಳು. ನಮ್ಮ ಸಣ್ಣ ಊರುಗಳ ಕಾರ್ಯಾಗಾರಗಳಲ್ಲಿ ಇಂದಿಗೂ "ನಿನ್ನ ಬದುಕಿನ ಅತಿ ದುಃಖದ ದಿನ ನೆನೆಸಿಕೋ" ಎನ್ನುವುದನ್ನು ಮಂತ್ರದಂತೆ ಬಳಸುತ್ತಾರೆ. ಎಳೆಯ ನಟರ ಮೇಲೆ ಇದನ್ನು ಪ್ರಯೋಗಿಸುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈ ಪ್ರಕರಣದಲ್ಲಿ ಆರೋಗ್ಯದ ಮಾತನ್ನು ಬದಿಗಿಟ್ಟರೂ ಆ ನೆನಪು ಪಾತ್ರಕ್ಕೆ ಒಪ್ಪುವಂಥದಾಗಿರಲಿಲ್ಲ. ನಟರು ತಾಯಿಯ ಶವದ ಪಕ್ಕ ರಾತ್ರಿಯಿಡೀ ಕುಳಿತಿದ್ದರು, ಭಜನೆ ನಡೆದಿತ್ತು, ಅಕ್ಕತಂಗಿಯರು ತಾಯಿಯ ಗುಣಗಳನ್ನು ಹಾಡಿಕೊಂಡು ಅತ್ತಿದ್ದರು, ಅವರೂ ಮನಸಾರೆ ಅತ್ತಿದ್ದರು, ತಮ್ಮ ಕೈಯಾರೆ ಮಣ್ಣು ಕೊಟ್ಟಿದ್ದರು. ಅದು ಅತ್ತು ಮುಗಿಸಿದ ದುಃಖ. ಗುಮಾಸ್ತನ ವೇಷದ ಅಧಿಕಾರಿಗೆ ಇದರಲ್ಲಿ ಒಂದೂ ದಕ್ಕಿಲ್ಲ. ಅವನಿಗೆ ಹೆಂಡತಿಯ ಮುಖ ಕಾಣಲಿಲ್ಲ, ಅವಳಿಗೆ ಹಾಕಿದ ಹೂವು ಕಾಣಲಿಲ್ಲ. ಅವಳು ಸತ್ತದ್ದು ಅವನ ಪಾಲಿಗೆ ಫೋನಿನಲ್ಲಿ ಬಂದ ಒಂದು ವಾಕ್ಯ ಅಷ್ಟೇ.

ಎರಡನೆಯ ದಾರಿ ಅನುಕರಣೆಯದು. ನಿರ್ದೇಶಕರು ಅಮೆರಿಕದ 'ಟ್ವೆಂಟಿ ಫೋರ್' ಸರಣಿಯನ್ನು ನೋಡಿ ಬರಲು ಹೇಳಿದ್ದರು. ಕೀಫರ್ ಸದರ್ಲ್ಯಾಂಡ್ ಅದರಲ್ಲಿ ಜ್ಯಾಕ್ ಬಾವರ್ ಎಂಬ ಏಜೆಂಟ್. ಮೊದಲ ಸರಣಿಯ ಕೊನೆಯಲ್ಲಿ ಅವನ ಹೆಂಡತಿ ಕೊಲೆಯಾಗುತ್ತಾಳೆ, ಅವನು ಶವವನ್ನು ಅಪ್ಪಿಕೊಂಡು ಕುಸಿಯುತ್ತಾನೆ. ನಮ್ಮ ನಟರ ಮನಸ್ಸು ಹಿಡಿದದ್ದು 2004ರಲ್ಲಿ ಪ್ರಸಾರವಾದ ಮೂರನೆಯ ಸರಣಿಯ ಅಂತ್ಯ. ಇಡೀ ದಿನದ ಭಯಾನಕ ಕೆಲಸ ಮುಗಿದ ಮೇಲೆ ಬಾವರ್ ತನ್ನ ವಾಹನದಲ್ಲಿ ಒಬ್ಬನೇ ಕುಳಿತು ಬಿಕ್ಕಿ ಬಿಕ್ಕಿ ಅಳುತ್ತಾನೆ. ಅಷ್ಟರಲ್ಲಿ ವೈರ್‌ಲೆಸ್‌ನಲ್ಲಿ ಕರೆ ಬರುತ್ತದೆ. ಕಣ್ಣೊರೆಸಿ, ದನಿ ಸರಿಪಡಿಸಿಕೊಂಡು ಉತ್ತರಿಸಿ ಮತ್ತೆ ಹೊರಡುತ್ತಾನೆ.

ನಟರಿಗೆ ಅದನ್ನೇ ಮಾಡುವ ಆಸೆಯಾಯಿತು. ನಾನು ಒಪ್ಪಲಿಲ್ಲ. ಆ ಅಳುವಿನ ಹಿಂದೆ ಇಪ್ಪತ್ತನಾಲ್ಕು ಕಂತುಗಳ ದುಡಿಮೆಯಿದೆ. ಒಂದು ಕಂತಿಗೆ ಒಂದು ಗಂಟೆಯಂತೆ ಇಡೀ ಒಂದು ದಿನ ಅವನಿಗೆ ಕೂರಲೂ ಬಿಡುವಿಲ್ಲದ್ದನ್ನು ನೋಡಿದ ಮೇಲೆ ಆ ಅಳು ಬರುತ್ತದೆ. ನಮ್ಮ ದೃಶ್ಯ ಐದನೆಯ ಕಂತಿನಲ್ಲಿದೆ. ಬಾವರ್‌ಗೆ ಬಾಗಿಲು ಹಾಕಿಕೊಳ್ಳುವ ವಾಹನವಿದೆ, ನಮ್ಮ ಗುಮಾಸ್ತನಿಗೆ ತಗಡಿನ ನೆರಳು ಬಿಟ್ಟರೆ ಮರೆಯಿಲ್ಲ. ಆದರೂ ಆ ದೃಶ್ಯದಿಂದ ಒಂದನ್ನು ಉಳಿಸಿಕೊಂಡೆವು. ಅಳುವನ್ನು ನಿಲ್ಲಿಸುವುದು ಬಾವರ್‌ನ ಮನೋಬಲವಲ್ಲ, ಹೊರಗಿನಿಂದ ಬಂದ ಕೆಲಸದ ಕರೆ. ನಮ್ಮವನನ್ನು ಹಿಡಿದು ನಿಲ್ಲಿಸುವ ಕೆಲಸ ಯಾವುದು? ಅವನ ಕೈ ಏನು ಮಾಡುತ್ತಿರುತ್ತದೆ? ಚಿತ್ರಕಥೆಯಲ್ಲಿ "ತೂಕ ಬರೆದುಕೊಳ್ಳುತ್ತಿದ್ದಾನೆ" ಎಂದಷ್ಟೇ ಇತ್ತು.

ಗಂಜ್‌ನಲ್ಲಿ

ಸುಗ್ಗಿಯ ಹೊತ್ತಿನ ನೆಹರೂ ಗಂಜ್‌ಗೆ ಬೆಳಿಗ್ಗೆಯೇ ಹೋಗಿ ನಿಂತೆವು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಹೆಸರಿನ ಹಿಂದಿರುವ ದುಡಿತ ಕಾಣಬೇಕಾದರೆ ಇಲ್ಲಿಗೇ ಬರಬೇಕು. ರಾಶಿಗಳ ನಡುವೆ ಕಾಲಿಡಲು ಜಾಗವಿಲ್ಲ. ಒಬ್ಬ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಅಂಗೈಗೆ ಕಾಳು ಸುರಿದುಕೊಂಡು ಬೆರಳಲ್ಲಿ ಆಡಿಸಿ ನೋಡುತ್ತಾನೆ. ಹಮಾಲ ದಬ್ಬಣಕ್ಕೆ ಸುತಳಿ ಪೋಣಿಸಿ ಚೀಲದ ಬಾಯಿ ಹೊಲಿಯುತ್ತಾನೆ. ತೂಕದವನು ಅಂಕಿಯನ್ನು ಕೂಗುತ್ತಾನೆ, ಗುಮಾಸ್ತ ಅದೇ ಅಂಕಿಯನ್ನು ಬಾಯಲ್ಲಿ ಮರುನುಡಿದು ಪುಸ್ತಕಕ್ಕೆ ಇಳಿಸುತ್ತಾನೆ. ಅವನು ಮರುನುಡಿಯುವವರೆಗೆ ಮುಂದಿನ ಚೀಲ ಮೇಲೇರುವುದಿಲ್ಲ.

ನಟರು ಒಂದು ಅಂಗಡಿಯವರ ಅನುಮತಿ ಪಡೆದು ಆ ಗುಮಾಸ್ತರ ಪಕ್ಕ ಕುಳಿತು, ದಿನಗಟ್ಟಲೆ ಆ ಕೆಲಸ ಕಲಿತರು. ಕಲಿಯುವಾಗ ಒಂದು ಸಲ ಅವರ ಗಮನ ಬೇರೆ ಕಡೆ ಹೋಗಿ, ಹಿಂದಿನ ಚೀಲದ ತೂಕವನ್ನೇ ಮತ್ತೆ ನುಡಿದರು. ತೂಕದ ಹಿರಿಯರು ಕಾಟಾದಿಂದ ತಲೆಯೆತ್ತದೆಯೇ, "ಅದು ಹೋದದ್ದು, ಇದು ಬಂದದ್ದು" ಎಂದರು. ನಟರು ತಡಬಡಿಸಿ ತಿದ್ದಿದರು. ಕೆಲಸ ಮುಂದುವರಿಯಿತು, ಯಾರಿಗೂ ಏನೂ ಅನ್ನಿಸಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ನಟರು ನನ್ನತ್ತ ನೋಡಿದರು. ನಮಗೆ ಬೇಕಾದದ್ದು ಸಿಕ್ಕಿತ್ತು.

ನಾಟ್ಯಶಾಸ್ತ್ರ ಹೇಳುವ ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿ, ಅಂದರೆ ಬಂದುಹೋಗುವ ಭಾವಗಳಲ್ಲಿ, ಅವಹಿತ್ಥ ಒಂದು. ಒಳಗಿನದನ್ನು ಹೊರಗೆ ಕಾಣಗೊಡದೆ ಮುಚ್ಚಿಡುವ ಭಾವ ಅದು. ಅದನ್ನು ಅಭಿನಯಿಸುವ ಬಗೆಯನ್ನೂ ಭರತ ಹೇಳುತ್ತಾನೆ: ಬೇರೆ ಮಾತು ತೆಗೆಯುವುದು, ಕೆಳಗೆ ನೋಡುವುದು, ಮಾತು ನಡುವೆ ತುಂಡಾಗುವುದು, ಇಲ್ಲದ ಧೈರ್ಯ ತಂದುಕೊಳ್ಳುವುದು. ತರಗತಿಯಲ್ಲಿ ನಾವು ಇದನ್ನು ಪಟ್ಟಿಯಾಗಿ ಉರುಹೊಡೆದು ಮುಂದೆ ಹೋಗುತ್ತೇವೆ. ಗಂಜ್‌ನಲ್ಲಿ ಅದು ತೂಕದ ಪುಸ್ತಕದ ರೂಪದಲ್ಲಿ ಎದುರಿಗಿತ್ತು. ಗುಮಾಸ್ತನ ಕೆಲಸವೇ ಕೆಳಗೆ ನೋಡುವುದು, ಅವನ ಮಾತೇ ಬರೀ ಅಂಕಿ. ಆ ಅಂಕಿ ಒಮ್ಮೆ ತಪ್ಪಿದರೆ ಸಾಕು. ಹಮಾಲನ ಪಾಲಿಗೆ ಅದು ದಿನಾ ಆಗುವ ತಪ್ಪು. ಫೋನಿನ ಮಾತನ್ನು ಕೇಳಿಸಿಕೊಂಡ ನೋಡುಗನ ಪಾಲಿಗೆ ಆ ಮನುಷ್ಯ ಒಳಗೆ ಕುಸಿದು ಬಿದ್ದ ಗಳಿಗೆ.

ಚಿತ್ರೀಕರಣ

ಎಷ್ಟು ಸಲ ತಪ್ಪಬೇಕು ಎಂಬುದರ ಮೇಲೆ ದೊಡ್ಡ ಚರ್ಚೆಯಾಯಿತು. ನಿರ್ದೇಶಕರು ಮೂರು ಸಲ ಎಂದರು, ಜೊತೆಗೆ ಪೆನ್ನು ಕೈಯಿಂದ ಜಾರಲಿ ಎಂದರು. ಮೂರು ಸಲ ತಪ್ಪಿದರೆ ತೂಕದವನು ಸುಮ್ಮನಿರುವುದಿಲ್ಲ, ಏನಾಯಿತೆಂದು ಕೇಳಿಯೇ ಕೇಳುತ್ತಾನೆ ಎಂದು ನಟರು ಗಂಜ್‌ನ ಅನುಭವದಿಂದಲೇ ವಾದಿಸಿದರು. ಪೆನ್ನು ಜಾರುವುದು ಬೇಡವೇ ಬೇಡ, ಅದನ್ನು ಕಂಡೊಡನೆ ನೋಡುಗ ನಟನನ್ನು ನೋಡತೊಡಗುತ್ತಾನೆ, ಪಾತ್ರವನ್ನಲ್ಲ ಎಂಬುದು ನನ್ನ ಮಾತು. ಒಂದೇ ತಪ್ಪು ಎಂದು ತೀರ್ಮಾನವಾಯಿತು.

ಚಿತ್ರೀಕರಣದ ದಿನ ಬೇರೊಂದು ತೊಂದರೆ ಎದುರಾಯಿತು. ಧಾರಾವಾಹಿಗಳಲ್ಲಿ ಸಹಾಯಕರು ಪಕ್ಕದಿಂದ ಸಂಭಾಷಣೆ ಓದಿಕೊಡುತ್ತಾರೆ, ನಟರು ಕೇಳಿ ಹೇಳುತ್ತಾರೆ. ದಿನಕ್ಕೆ ಹಲವು ದೃಶ್ಯ ಮುಗಿಸಬೇಕಾದ ಒತ್ತಡದಲ್ಲಿ ಬೆಳೆದ ಪದ್ಧತಿ ಇದು, ಅದನ್ನು ದೂರಿ ಫಲವಿಲ್ಲ. ಆದರೆ ಅಂಕಿಗಳ ಮೇಲೆಯೇ ನಿಂತ ದೃಶ್ಯದಲ್ಲಿ ಕಿವಿಗೆ ಎರಡು ಅಂಕಿ ಬಿದ್ದರೆ ನಟ ಕೆಟ್ಟ. ನಟರು ವಿನಯದಿಂದಲೇ, ಈ ಒಂದು ದೃಶ್ಯಕ್ಕೆ ಓದಿಕೊಡುವುದು ಬೇಡ ಎಂದು ಕೇಳಿಕೊಂಡರು. ತೂಕ ಕೂಗುವ ಪಾತ್ರಕ್ಕೆ ಗಂಜ್‌ನಲ್ಲಿ ಆ ಕೆಲಸ ಮಾಡುವವರನ್ನೇ ನಿಲ್ಲಿಸಿದರು. ಅವರು ಅಭಿನಯಿಸಲಿಲ್ಲ, ನಿಜವಾದ ಚೀಲಗಳನ್ನು ನಿಜವಾಗಿ ತೂಗಿ ಬಂದ ಅಂಕಿಯನ್ನು ಕೂಗಿದರು. ಹೀಗಾಗಿ ನಟರಿಗೆ ಮುಂದಿನ ಅಂಕಿ ಮೊದಲೇ ತಿಳಿದಿರಲಿಲ್ಲ, ಕಿವಿಗೊಟ್ಟು ಕೇಳಲೇಬೇಕಿತ್ತು. ಕೇಳಬೇಕಾದ ಹಟಕ್ಕೂ ಕೇಳಿಸಿಕೊಳ್ಳಲಾಗದ ಮನಸ್ಸಿಗೂ ನಡುವಿನ ಎಳೆದಾಟವನ್ನು ಅವರು ನಟಿಸಬೇಕಾಗಿಯೇ ಬರಲಿಲ್ಲ.

ತೆರೆಯ ಮೇಲೆ ಕಾಣುವುದಿಷ್ಟು. ಎಡಕಿವಿಗೆ ಹೆಗಲಿನಿಂದ ಒತ್ತಿಹಿಡಿದ ಫೋನು. "ಹ್ಞೂ" ಎನ್ನುತ್ತಾನೆ. ಇನ್ನೊಂದು "ಹ್ಞೂ". ಫೋನು ಜೇಬಿಗೆ ಹೋಗುತ್ತದೆ. ತೂಕದವರು ಅಂಕಿ ಕೂಗುತ್ತಾರೆ. ಅವನು ಹಿಂದಿನ ಅಂಕಿ ನುಡಿಯುತ್ತಾನೆ. ತಿದ್ದುಪಡಿ ಬರುತ್ತದೆ. "ಹೌದು ಕಾಕಾ" ಎಂದು ಬರೆದದ್ದಕ್ಕೆ ಅಡ್ಡಗೆರೆ ಎಳೆದು ಸರಿಯಾದದ್ದನ್ನು ಬರೆಯುತ್ತಾನೆ. ಆ ಅಡ್ಡಗೆರೆ ಬೇಕಾದ್ದಕ್ಕಿಂತ ತುಸು ನಿಧಾನ, ತುಸು ಉದ್ದ. ಆಮೇಲಿನ ಅಂಕಿಗಳೆಲ್ಲ ಸರಿ, ದನಿ ಮಾತ್ರ ಮೊದಲಿಗಿಂತ ಗಟ್ಟಿ. ಈ ಗಟ್ಟಿ ದನಿ ನಟರ ಸ್ವಂತ ಸೇರ್ಪಡೆ. ಕಂಪನಿಯಲ್ಲಿ ಗಳಿಸಿದ ಆ ಕಂಠವನ್ನು ಅಡಗಿಸಬೇಕೆಂದೇ ನಾವೆಲ್ಲ ಹೇಳುತ್ತಿದ್ದೆವು. ಅವರು ಅದನ್ನು ಮುಚ್ಚುಮರೆಯ ಸಾಧನವಾಗಿ ಬಳಸಿಕೊಂಡರು. ನನ್ನ ಪ್ರಕಾರ ಇಡೀ ಧಾರಾವಾಹಿಯ ಅತ್ಯುತ್ತಮ ಅಭಿನಯ ಅದು.

ಏಳನೆಯ ಕಂತಿನ ದೃಶ್ಯ ಇಷ್ಟು ಚೆನ್ನಾಗಿ ಆಗಲಿಲ್ಲ. ಕೆಲಸ ಮುಗಿದು ಅಧಿಕಾರಿ ಹುಬ್ಬಳ್ಳಿಗೆ ಬರುತ್ತಾನೆ. ಮಣ್ಣು ಮುಗಿದು ದಿನಗಳಾಗಿವೆ. ಅತ್ತೆ ಬಾಗಿಲಲ್ಲಿ ಕುಳಿತಿದ್ದಾರೆ. ನಾವು ಸಿದ್ಧಪಡಿಸಿಕೊಂಡಿದ್ದ ರೀತಿಯಲ್ಲಿ ಅವನಿಗೆ ಇಲ್ಲಿ ಮುಚ್ಚಿಡಲು ಕಾರಣವಿಲ್ಲ, ಆದರೂ ಅಳು ಬರುವುದಿಲ್ಲ. ಅಭ್ಯಾಸ ಅವನನ್ನು ಬಿಟ್ಟಿಲ್ಲ. ಅತ್ತೆ "ಊಟ ಆಯಿತೇನಪ್ಪ?" ಎಂದು ಕೇಳಿದಾಗ ಮಾತ್ರ ಬಾಯಿ ಕಟ್ಟಬೇಕು. ಆದರೆ ಅಂದು ಬೆಳಕು ಹೋಗುತ್ತಿತ್ತು, ಕಾಲ್‌ಶೀಟ್ ಮುಗಿಯುತ್ತಿತ್ತು, ಅತ್ತೆಯ ಪಾತ್ರದವರಿಗೆ ಬೇರೆ ಚಿತ್ರೀಕರಣವಿತ್ತು. ಗ್ಲಿಸರಿನ್ ಬಂತು. ನಟರು ಅತ್ತರು, ಚೆನ್ನಾಗಿಯೇ ಅತ್ತರು. ಅವರು ಹಟ ಹಿಡಿಯದಿದ್ದುದನ್ನು ನಾನು ತಪ್ಪೆನ್ನುವುದಿಲ್ಲ. ಐವತ್ತು ಜನರ ದಿನಗೂಲಿಯ ಮುಂದೆ ಒಬ್ಬ ನಟ ಎಲ್ಲಿ ನಿಲ್ಲಬಹುದು, ಎಲ್ಲಿ ಬಗ್ಗಬೇಕು ಎಂಬುದನ್ನು ಅಲ್ಲಿದ್ದವನೇ ನಿರ್ಧರಿಸಬೇಕು. ಗಂಜ್‌ನ ದೃಶ್ಯಕ್ಕಾಗಿ ಅವರು ಆಗಲೇ ಒಮ್ಮೆ ಗಟ್ಟಿಯಾಗಿ ನಿಂತಿದ್ದರು.

ಪ್ರಸಾರವಾದ ಮೇಲೆ

ಸಂಕಲನದಲ್ಲಿ ಗಂಜ್‌ನ ದೃಶ್ಯಕ್ಕೆ ಹಿನ್ನೆಲೆ ಸಂಗೀತ ಸೇರಿಸಿದರು. ಅಂಕಿ ತಪ್ಪಿದ ಕ್ಷಣದಲ್ಲಿ ಪಿಟೀಲು ಏಳುತ್ತದೆ. ಅದು ಬೇಕಿರಲಿಲ್ಲ, ತೂಕದವರ ಕೂಗು ಆ ಪಿಟೀಲಿನಡಿ ಮಂಕಾಗಿದೆ. ಆದರೆ ಅದೇ ಮುಖವನ್ನು ಮೂರು ಕೋನಗಳಿಂದ ತೋರಿಸುವ ವಾಡಿಕೆಯನ್ನು ನಿರ್ದೇಶಕರು ಕೈಬಿಟ್ಟರು, ಒಂದೇ ಕೋನದಲ್ಲಿ ಬಿಟ್ಟರು. ವಾಹಿನಿಯವರೊಂದಿಗೆ ಅದಕ್ಕಾಗಿ ಅವರು ಜಗಳವಾಡಬೇಕಾಯಿತಂತೆ. ಆ ಜಗಳಕ್ಕಾಗಿ ಅವರ ಮೇಲೆ ನನಗೆ ಗೌರವವಿದೆ.

ನೋಡಿದವರು ಎರಡು ಪಾಲಾದರು. ಬೆಂಗಳೂರಿನ ಪರಿಚಿತರು ಕೆಲವರು ಏಳನೆಯ ಕಂತಿನ ಅಳುವನ್ನು ಹೊಗಳಿ ಐದನೆಯ ಕಂತಿನ ಬಗ್ಗೆ ಏನೂ ಹೇಳಲಿಲ್ಲ. ಗಂಜ್‌ನಲ್ಲಿ ಕಂತನ್ನು ಮೊಬೈಲಿನಲ್ಲಿ ಗುಂಪಾಗಿ ನೋಡಿದ ಹಮಾಲರು ನಟರನ್ನು ಕಂಡಾಗ ಮಾತೆತ್ತಿದ್ದು ಅಡ್ಡಗೆರೆಯ ಬಗ್ಗೆ. ಅವರಲ್ಲೊಬ್ಬರು, ತಮ್ಮ ಮಗ ತೀರಿಕೊಂಡ ವಾರದಲ್ಲಿ ಕೆಲಸಕ್ಕೆ ಬಂದಾಗ ಚೀಲದ ಬಾಯಿಯನ್ನು ಎರಡೆರಡು ಸಲ ಹೊಲಿದದ್ದನ್ನು ಹೇಳಿಕೊಂಡರಂತೆ. ಇದನ್ನು ನನಗೆ ಹೇಳುವಾಗ ನಟರ ದನಿ ಗದ್ಗದವಾಗಿತ್ತು.

ಈ ಅನುಭವದ ನಂತರ ನನ್ನ ತರಬೇತಿಯ ಕ್ರಮದಲ್ಲಿ ಬದಲಾವಣೆ ಮಾಡಿಕೊಂಡಿದ್ದೇನೆ. ದುಃಖವನ್ನು ಬಚ್ಚಿಡಬೇಕಾದ ಪಾತ್ರ ಯಾವುದೇ ಇರಲಿ, ಪೊಲೀಸನಿರಲಿ, ದಾದಿಯಿರಲಿ, ಬಸ್ ಕಂಡಕ್ಟರಿರಲಿ, ಮೊದಲು ಆ ಪಾತ್ರದ ಕಸುಬನ್ನು ಕೈಗೆ ಹತ್ತುವಂತೆ ಕಲಿಸುತ್ತೇನೆ. ಕಸುಬು ತಪ್ಪಿಲ್ಲದೆ ಬಂದ ಮೇಲೆಯೇ ಅದು ಎಲ್ಲಿ ತಪ್ಪಬೇಕೆಂದು ಹುಡುಕುತ್ತೇವೆ. ಕೈಗೆ ಬಾರದ ಕೆಲಸದಲ್ಲಿ ತಪ್ಪು ಮಾಡಿದರೆ ನೋಡುಗನಿಗೆ ಅದು ನಟನ ಅರೆಕಲಿಕೆಯಾಗಿಯೇ ಕಾಣುತ್ತದೆ. ಸ್ವಂತ ಸಾವುನೋವುಗಳನ್ನು ತಾಲೀಮಿಗೆ ತರಬಾರದೆಂದು ಮೊದಲ ದಿನವೇ ಹೇಳುತ್ತೇನೆ, ಮನೆಯವರ ಫೋನ್ ಸಂಖ್ಯೆ ಬರೆದಿಟ್ಟುಕೊಳ್ಳುತ್ತೇನೆ.

ನಟರಿಗೆ ಈಗ ಇನ್ನೊಂದು ಧಾರಾವಾಹಿಯ ಕರೆ ಬಂದಿದೆ. ಪಾತ್ರ ಒಬ್ಬ ರೈಲ್ವೆ ನೌಕರನದು. ಒಪ್ಪುವ ಮೊದಲು ಅವರು ಎರಡು ಮಾತು ಕೇಳಿದ್ದಾರೆ: ಮುಖ್ಯ ದೃಶ್ಯಗಳಿಗೆ ಸಂಭಾಷಣೆ ಓದಿಕೊಡಬಾರದು, ಚಿತ್ರೀಕರಣಕ್ಕೆ ಮುಂಚೆ ನಿಲ್ದಾಣವೊಂದರಲ್ಲಿ ಆ ಕೆಲಸದವರ ಜೊತೆ ಕೆಲವು ದಿನ ಕಳೆಯಲು ಏರ್ಪಾಡು ಮಾಡಿಕೊಡಬೇಕು. ಎರಡನೆಯದಕ್ಕೆ ನಿರ್ಮಾಪಕರು ಒಪ್ಪಿದ್ದಾರೆ. ಮೊದಲನೆಯದರ ಮಾತುಕತೆ ನಡೆದಿದೆ.